ಬರೀ ನಾಲ್ಕು ಪರ್ಸೆಂಟು

ಏಪ್ರಿಲ್ 3, ಗುರುವಾರ

ಇವತ್ತು ಬಿಯರ್ ಬಾಟ್ಲು ಕೈಯಲ್ಲಿ ಹಿಡಿದೆ. ಬರೆಯೋಕೂ ನಾಚಿಕೆ. ಆದರೆ ಯಾರ ಹತ್ರ ಹೇಳ್ಲಿ? ಅತ್ತೆಗೆ ಓದೋಕೆ ಬರಲ್ಲ, ಇವರು ಕಂಪನಿ ಬಸ್ಸಿನ ಬೋರ್ಡು ಬಿಟ್ಟರೆ ಬೇರೇನೂ ಓದಲ್ಲ. ಅದಕ್ಕೇ ಧೈರ್ಯವಾಗಿ ಬರೀತಿದ್ದೀನಿ.

ರೆಸಾರ್ಟಿಗೆ ಹೊಸ ಮ್ಯಾನೇಜರು ಬಂದಿದ್ದಾನೆ, ನರೇಶ್ ಅಂತ. ಹಡಗಲ್ಲಿ ಕೆಲಸ ಮಾಡಿದವನಂತೆ, ದೇಶ ದೇಶ ಸುತ್ತಿದ್ದಾನಂತೆ. ನನ್ನ ಜ್ಯೂಸ್ ಕೌಂಟರಿಗೆ ಬಂದು, "ಅಕ್ಕ, ಬೆಂಗಳೂರಿಂದ ಬರೋ ಜನ ಈಗ ಜೋರಾಗಿ ಕುಡಿಯಲ್ಲ. ಬಿಸಿಲಿಗೆ ತಣ್ಣಗೆ ಒಂದು ಗ್ಲಾಸು ಬೇಕು, ತಲೆಗೆ ಏರಬಾರದು, ನಾಲಿಗೆಗೆ ಹಿಡೀಬೇಕು. ಲೋಕದಲ್ಲೆಲ್ಲಾ ಅಂಥವು ಇವೆ. ನಿಮ್ಮ ಕೈಲಿ ಮಾಡಿಸ್ತೀನಿ," ಅಂದ. ನಾನು ಆಗಲ್ಲಪ್ಪ ಅಂದೆ. "ಹಾಗಾದ್ರೆ ಪಾತ್ರೆ ತೊಳೆಯೋ ಕಡೆ ಹೋಗ್ತೀರಾ ಅಕ್ಕ? ಬರೀ ಜ್ಯೂಸ್ ಕೌಂಟರ್ ಇನ್ಮೇಲೆ ಇರಲ್ಲ," ಅಂದ. ನಗ್ತಾನೇ ಅಂದ, ಪಾಪಿ. ಮಗಳು ಸುಧಾ ಕೃಷ್ಣಗಿರಿ ಹಾಸ್ಟೆಲಲ್ಲಿ ಓದ್ತಿದ್ದಾಳೆ. ತಲೆ ಆಡಿಸಿದೆ.

ಎರಡು ವರ್ಷದ ಹಿಂದೆ ಇವರಿಗೆ ಮಾಲೆ ಹಾಕಿಸಿದ್ವಿ. ಕುಪ್ಪಂ ದಾಟಿ ಹೋದ್ರೆ ಒಂದು ಪಾಂಡುರಂಗನ ಗುಡಿ ಇದೆ, ಕುಡಿತ ಬಿಡೋರಿಗೆ ಅಲ್ಲಿ ತುಳಸಿ ಮಾಲೆ ಹಾಕ್ತಾರೆ. ಮದುವೆ ಆದವರಾದ್ರೆ ಹೆಂಡತಿ ಕೈಯನ್ನೂ ಉರಿಯೋ ಕರ್ಪೂರದ ಮೇಲೆ ಹಿಡಿಸಿ ಮಾತು ತಗೋತಾರೆ. ಈ ಮನೆಯೋರು ಯಾರೂ ಅದನ್ನ ಮುಟ್ಟಲ್ಲ, ಹೊಸಿಲು ದಾಟಿಸಲ್ಲ ಅಂತ. ನಾನು ಇವರಿಗಿಂತ ಗಟ್ಟಿಯಾಗಿ ಹೇಳಿದ್ದೆ. ಅವತ್ತಿಂದ ಇವರು ಒಂದು ಹನಿ ಮುಟ್ಟಿಲ್ಲ.

ನಾನು ಮುಟ್ಟಿದೆ.

ಏಪ್ರಿಲ್ 5, ಶನಿವಾರ

ಬಿಯರಿಗೆ ಅರ್ಧಕ್ಕರ್ಧ ನಿಂಬೆ ಸೋಡಾ ಬೆರೆಸಿದ್ರೆ ಇಂಗ್ಲೆಂಡಿನೋರು ಶ್ಯಾಂಡಿ ಅಂತಾರಂತೆ. ಜರ್ಮನಿಯೋರಿಗೆ ಅದೇ ರಾಡ್ಲರ್, ಅಂದ್ರೆ ಸೈಕಲ್ ತುಳಿಯೋನು. ಸ್ಪೇನಿನೋರು ಕೆಂಪು ವೈನಿಗೆ ನಿಂಬೆ ಸೋಡಾ ಹೊಡೆದು ಐಸು ಹಾಕ್ತಾರೆ. ಮೆಕ್ಸಿಕೋ ಕಡೆ ಗ್ಲಾಸಿನ ಬಾಯಿಗೆ ಉಪ್ಪು ಖಾರ ಮೆತ್ತಿ, ಬಿಯರಿಗೆ ನಿಂಬೆಹಣ್ಣು ಹಿಂಡ್ತಾರಂತೆ. ಅಯ್ಯೋ, ನಮ್ಮ ಬಾಗಲೂರು ಬಸ್ ಸ್ಟಾಪಲ್ಲಿ ಮಾವಿನಕಾಯಿಗೆ ಹಚ್ಚಿ ಕೊಡ್ತಾರಲ್ಲ, ಅದೇ!

ನಾಲಿಗೆ ತುದಿಗೆ ಮುಟ್ಟಿಸಿ ಉಗಿದೆ. ಪ್ರತಿಯೊಂದನ್ನೂ ಉಗಿದು, ಬಾಯಿ ಮುಕ್ಕಳಿಸಿ, ಮತ್ತೆ ಮುಕ್ಕಳಿಸಿ ಸಾಕಾಯ್ತು. ಆದರೂ ಒಂದು ಹೇಳ್ತೀನಿ. ಅವನು ಮಾಡಿದ ಉಪ್ಪು ಖಾರದ್ದು ಗಂಟಲು ಕೊಯ್ಯೋ ಹಂಗಿತ್ತು. ಉಪ್ಪನ್ನ ಹುರಿದು ಹಾಕು, ಮೆಣಸಿನಪುಡಿ ಬದಲು ಕರಿಮೆಣಸು ಹಾಕು ಅಂದೆ. ಹಾಕಿ ಕುಡಿದವನೇ ನನ್ನನ್ನೇ ನೋಡಿದ.

ಮನೆಗೆ ಹಿತ್ತಲ ಕಡೆಯಿಂದ ಬಂದೆ. ನೇರವಾಗಿ ಬಚ್ಚಲಿಗೆ ಹೋಗಿ ತಲೆಗೇ ನೀರು ಹಾಕ್ಕೊಂಡೆ. ಅತ್ತೆ, "ಏನಮ್ಮಿ, ಒಳೀಕ್ಕೂ ಬರ್ದಂಗೆ ಬಚ್ಚಲಿಗೆ ಹೋಗ್ಬುಟ್ಟೆ?" ಅಂದ್ರು. ಸೆಕೆ ಅತ್ತೆ, ಅಂದೆ.

ಏಪ್ರಿಲ್ 6, ಭಾನುವಾರ, ರಾಮನವಮಿ

ಬೆಳಿಗ್ಗೆ ಪಾನಕ ಮಾಡಿಟ್ಟು ಕೆಲಸಕ್ಕೆ ಹೋದೆ. ಬೀದಿಯೋರೆಲ್ಲಾ ಹೊಗಳಿದ್ರಂತೆ. ಪಕ್ಕದ ಮನೆ ಪಾಪಮ್ಮ ಎರಡು ಚೊಂಬು ತುಂಬಿಸ್ಕೊಂಡು ಹೋದ್ಳಂತೆ. ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ ಎಲ್ಲಾ ಸರಿಯಾಗಿ ಕೂತಿತ್ತು. ನೈವೇದ್ಯ ಆದ ಮೇಲೆ ರುಚಿ ನೋಡುವಾಗ ಇದಕ್ಕೆ ಒಂಚೂರು ಬಿಳಿ ವೈನು ಬಿದ್ದಿದ್ರೆ ಅಂತ ಅನ್ನಿಸಿಬಿಡ್ತು. ಥೂ! ದೇವರ ಮುಂದೆ ನಿಂತು! ಕೆನ್ನೆ ಕೆನ್ನೆ ಬಡ್ಕೊಂಡೆ. ಇವರು, "ಯಾಕ್ಲೇ, ಸೊಳ್ಳೆನಾ?" ಅಂದ್ರು.

ಏಪ್ರಿಲ್ 11, ಶುಕ್ರವಾರ

ಇವರ ಕಂಪನೀಲಿ ಲೈನ್ ಲೀಡರ್ ಮಾಡ್ತೀವಿ ಅಂದಿದ್ದಾರಂತೆ. ಕುಡಿದು ಶಿಫ್ಟಿಗೆ ಬಂದಿದ್ದಕ್ಕೆ ಒಂದು ಸಲ ಗೇಟಲ್ಲೇ ವಾಪಸ್ ಕಳಿಸಿದ್ದ ಜಾಗ ಅದು. ಹೇಳುವಾಗ ಇವರ ಮುಖ ನೋಡ್ಬೇಕಿತ್ತು. ಮಗು ತರ.

ಅತ್ತೆಗೂ ಖುಷಿ. ಆದರೆ ಇವತ್ತೂ ಇವರು ಒಳಗೆ ಬಂದ ತಕ್ಷಣ ಹತ್ತಿರ ಹೋಗಿ ಮೂಸಿದ್ರು. ಎರಡು ವರ್ಷದಿಂದ ಇದೇ. ಇವರು ತಲೆ ತಗ್ಗಿಸಿ ನಿಂತ್ಕೋತಾರೆ. ಅಲ್ಲಾ, ಮಗನ್ನ ಯಾರಾದ್ರೂ ದಿನಾ ಹಿಂಗೆ ಮೂಸ್ತಾರಾ? ನನಗೇ ಕಸಿವಿಸಿ ಆಗುತ್ತೆ.

ನನ್ನನ್ನ ಯಾರೂ ಮೂಸಲ್ಲ. ಆದರೂ ಈಗ ಸೆರಗಿನ ತುದೀಲಿ ಲವಂಗ ಕಟ್ಕೊಂಡಿರ್ತೀನಿ. ಬಸ್ಸಿಳಿದ ತಕ್ಷಣ ಒಂದು ಬಾಯಿಗೆ.

ಏಪ್ರಿಲ್ 19, ಶನಿವಾರ

ಉಗಿದ್ರೆ ರುಚಿಯ ಕೊನೆ ಗೊತ್ತಾಗಲ್ಲ ಅಕ್ಕ ಅಂತ ನರೇಶ್ ಹೇಳಿದ. ನಿಜವೇ. ಸಾರಿನ ಉಪ್ಪು ನೋಡಿ ಯಾರಾದ್ರೂ ಉಗೀತಾರಾ? ನುಂಗಿದ ಮೇಲೆ ಗಂಟಲಲ್ಲಿ ಉಳಿಯುತ್ತಲ್ಲ, ಅಲ್ಲೇ ಗೊತ್ತಾಗೋದು ಸಕ್ಕರೆ ಹೆಚ್ಚಾಯ್ತಾ, ಹುಳಿ ಸಾಲ್ದಾ ಅಂತ. ಕೆಲಸಕ್ಕೋಸ್ಕರ ನುಂಗೋದು ಕುಡಿಯೋದಲ್ಲ.

ಸೌತೆಕಾಯಿ, ಪುದೀನ ಹಾಕಿದ ಇಂಗ್ಲಿಷಿನವರದ್ದು ಚೆನ್ನಾಗಿ ಬಂತು. ಇಟಲಿಯೋರದ್ದು ಕಿತ್ತಳೆ ಬಣ್ಣದ ಕಹಿ, ಅದು ಮಾತ್ರ ನನಗೆ ಸೇರಲಿಲ್ಲ. ಕಷಾಯ ಕುಡಿದ ಹಾಗೆ. ದುಡ್ಡು ಕೊಟ್ಟು ಕಷಾಯ ಕುಡೀತಾರಲ್ಲ ಈ ಜನ!

ಏಪ್ರಿಲ್ 27, ಭಾನುವಾರ

ಬೆಂಗಳೂರಿನ ಅರ್ಧ ಜನ ಇಲ್ಲೇ ಇದ್ರೇನೋ. ಕೈ ಬಿದ್ದು ಹೋಯ್ತು. ಎಲ್ಲಾ ಮುಗಿದ ಮೇಲೆ ಜಗ್ಗಿನಲ್ಲಿ ಸ್ಪೇನಿನದ್ದು ಒಂದು ಗ್ಲಾಸು ಉಳಿದಿತ್ತು. ಚೆಲ್ಲೋದು ಪಾಪ. ನಿಂತ್ಕೊಂಡೇ ಕುಡಿದೆ. ಮೈಯ ನೋವೆಲ್ಲಾ ಇಳಿದು ಹೋಯ್ತು. ಅದರಲ್ಲಿ ಆಲ್ಕೋಹಾಲು ಬರೀ ನಾಲ್ಕು ಪರ್ಸೆಂಟು. ಇದಕ್ಕೆಲ್ಲಾ ಕುಡಿತ ಅಂತ ಹೆಸರಿಟ್ರೆ ಹೆಂಗೆ?

ಮನೆಗೆ ಬಂದಾಗ ಇವರು, "ಯಾಕೆ ಇಷ್ಟೊತ್ತಾಯ್ತು?" ಅಂತ ಅಷ್ಟೇ ಕೇಳಿದ್ದು. ನನಗೆ ಎಲ್ಲಿತ್ತೋ ಸಿಟ್ಟು. "ಮನೇಗೋಸ್ಕರ ದುಡಿದು ಸಾಯ್ತೀನಿ, ಮೇಲಿಂದ ಅನುಮಾನನಾ?" ಅಂತ ಹಾರಾಡಿಬಿಟ್ಟೆ. ಇವರು ನನ್ನನ್ನೇ ನೋಡಿ, ಹೋಗಿ ಊಟಕ್ಕೆ ತಟ್ಟೆ ಹಾಕಿದ್ರು. ಈ ಮಾತು ಮುಂಚೆ ಯಾರೋ ಆಡಿದ್ದನ್ನ ಕೇಳಿದ್ದೀನಿ ಅಂತ ಅನ್ನಿಸ್ತು. ಯಾರು ಅಂತ ನೆನಪಾಗಲಿಲ್ಲ.

ಮೇ 2, ಶುಕ್ರವಾರ

ಇವರು ಬೈಕ್ ತಗೊಂಡು ಬಸ್ ಸ್ಟಾಪಿಗೇ ಬಂದಿದ್ರು. ಹಿಂದೆ ಕೂತು ಮುಖ ಆಚೆಗೆ ತಿರುಗಿಸ್ಕೊಂಡು, ಬಾಯಿಗೆ ಸೆರಗು ಹಿಡ್ಕೊಂಡೇ ಬಂದೆ. ಮನೆ ಹತ್ರ ಬಂದಾಗ ಇವರು ಮುಂದೆ ನೋಡ್ಕೊಂಡೇ, "ಲವಂಗ ಜಾಸ್ತಿ ತಿನ್ಬ್ಯಾಡ ಕಣೆ, ಹೊಟ್ಟೆ ಉರೀತದೆ. ಅದ್ರ ಬದ್ಲು ಒಂದು ಸೀಬೆ ಎಲೆ ಅಗಿ," ಅಂದ್ರು. ಇವರಿಗೆ ನನ್ನ ಹೊಟ್ಟೆ ಮೇಲೆ ಎಂದಿಂದ ಕಾಳಜಿ ಬಂತೋ!

ಮೇ 6, ಮಂಗಳವಾರ

ಶನಿವಾರ ಹೊಸ ಮೆನು. ಏಳು ದೇಶದ್ದು ಆಯ್ತು, ಎಂಟನೇದು ನಮ್ಮೂರದ್ದೇ ಇರಲಿ ಅಂತ ನಾನೇ ಬಾಯಿ ಹಾಕಿದೆ. ಬಿಳಿ ವೈನು, ನನ್ನಾರಿ ಶರಬತ್ತು, ನಿಂಬೆ, ಸೋಡಾ, ಪುದೀನ. ಆದರೆ ರೆಸಾರ್ಟಿನ ನನ್ನಾರಿ ಬರೀ ಬಣ್ಣ. ಮನೇಲಿ ಅತ್ತೆ ಸೊಗದೆ ಬೇರು ಕುದಿಸಿ ಮಾಡಿಟ್ಟಿದ್ದಾರಲ್ಲ, ಅದರಲ್ಲಿ ನೋಡ್ಬೇಕು. ಅದಕ್ಕೇ ನೀರಿನ ಬಾಟ್ಲಲ್ಲಿ ಒಂದಿಷ್ಟು ವೈನು ತಂದೆ. ನನ್ನಾರಿ ಬೆರೆಸಿ, ಹಿತ್ತಲ ಪುದೀನ ಹಾಕಿ ನೋಡಿದೆ. ಎಂಥ ರುಚಿ! ಅರ್ಧ ಉಳಿಸಿ ರಾಗಿ ಡ್ರಮ್ಮಿನ ಹಿಂದೆ ಇಟ್ಟಿದ್ದೀನಿ. ನಾಳೆ ಹುಳಿ ತಿರುಗುತ್ತಾ ಇಲ್ವಾ ಅಂತ ನೋಡ್ಬೇಕು.

ಹೊಸಿಲು ದಾಟಿಸಿದೆ ನಿಜ. ಆದರೆ ಇದು ಕುಡಿಯೋಕೆ ತಂದಿದ್ದಲ್ಲ.

ಮೇ 8, ಗುರುವಾರ

ಮಿಲ್ಲಿಗೆ ರಾಗಿ ತೆಗೀತೀನಿ ಅಂತ ಹೋದ ಅತ್ತೆ ಕೈಗೆ ಬಾಟ್ಲು ಸಿಕ್ಕಿತು. ಮುಚ್ಚಳ ತೆಗೆದು ಮೂಸಿದವರೇ ಎದೆ ಎದೆ ಬಡ್ಕೊಂಡ್ರು.

"ಲೇ ಮುನೀಶ! ಏನ್ಲಾ ಇದು? ಎಲ್ಡು ವರ್ಸ ದೇವ್ರು ಕಾಯ್ದ ಕಣ್ಲಾ! ಮತ್ತೆ ಮಣ್ಣು ತಿಂದ್ಯಲ್ಲೋ!"

ಇವರು ಎರಡನೇ ಶಿಫ್ಟಿಗೆ ಶೂ ಹಾಕ್ಕೊಳ್ತಾ ಇದ್ರು. ತಲೆ ಎತ್ತಿ ಬಾಟ್ಲು ನೋಡಿದ್ರು. ತಳದಲ್ಲಿ ಪುದೀನ ಎಲೆ ಅಂಟಿತ್ತು. ಆಮೇಲೆ ನನ್ನ ನೋಡಿದ್ರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ, ಕೈಯಲ್ಲಿ ಇವರ ಊಟದ ಡಬ್ಬಿ.

"ನಂದೇ ಕಣಮ್ಮ. ಕಿರುಚ್ಬ್ಯಾಡ ಬುಡು," ಅಂದ್ರು.

ಈಗ ಹೇಳ್ತೀನಿ, ಈಗ ಹೇಳ್ತೀನಿ ಅಂತ ಬಾಯಿ ತೆರೆದೆ. ಇವರು ನನ್ನ ಕೈಯಿಂದ ಡಬ್ಬಿ ತಗೊಂಡು ಹೊರಟು ಹೋದ್ರು. ಗದ್ದಲಕ್ಕೆ ಪಾಪಮ್ಮ ಕಾಂಪೌಂಡ್ ಮೇಲಿಂದ ಇಣುಕಿದಳು. ಅವಳ ಮಗನೂ ಇವರ ಕಂಪನೀಲೇ ಇದ್ದಾನೆ.

ಅತ್ತೆ ಸಂಜೆತನಕ ಅತ್ತರು. ನನ್ನ ತಲೆ ಸವರಿ, "ನಿನ್ ಹಣೆಬರಾನೇ ಸರಿ ಇಲ್ಲ ಕಣಮ್ಮಿ," ಅಂದ್ರು. ನಾನು ಎಂಥವಳು! ಸವರಿಸ್ಕೊಂಡು ಕೂತಿದ್ದೆ.

ಮೇ 10, ಶನಿವಾರ

ನನ್ನಾರಿಯದ್ದು ಎಲ್ಲಕ್ಕಿಂತ ಮುಂಚೆ ಖಾಲಿ ಆಯ್ತು. ಯಾರೋ ಒಬ್ಬಮ್ಮ ಕೌಂಟರಿಗೇ ಬಂದು ಕೈ ಕುಲುಕಿದ್ರು. ನರೇಶ್ ಎಲ್ಲರ ಮುಂದೆ ಚಪ್ಪಾಳೆ ತಟ್ಟಿಸಿದ. ಚಪ್ಪಾಳೆ ಕೇಳುವಾಗ ಸಂತೋಷ ಆಯ್ತು. ಅದೇ ನನಗೆ ಅಸಹ್ಯ. ಮನೇಲಿ ಆ ಮನುಷ್ಯ ತಲೆ ತಗ್ಗಿಸಿ ಕೂತಿದ್ದಾರೆ, ಇಲ್ಲಿ ನಾನು ಹಲ್ಲು ಕಿರೀತಾ ನಿಂತಿದ್ದೆ.

ಮೇ 11, ಭಾನುವಾರ

ನರೇಶ್ ಗೊಣಗಿದರೂ ರಜಾ ಹಾಕಿದೆ. ಅತ್ತೆ ಟೆಂಪೋ ಮಾಡಿಸಿದ್ರು. ಪಾಪಮ್ಮ, ಬೀದಿಯ ಇನ್ನೂ ಕೆಲವರು. ಇಷ್ಟು ಜನ ಯಾಕತ್ತೆ ಅಂದ್ರೆ, "ನಾಲ್ಕ್ ಜನದ ಮುಂದೆ ಮಾನ ಹೋದ್ರೇನೇ ಅವನ್ಗೆ ಬುದ್ಧಿ ಬರಾದು," ಅಂದ್ರು.

ಮಾತು ತಪ್ಪಿದವರಿಗೆ ಅಲ್ಲಿ ಹಳೇ ಮಾಲೆ ಕತ್ತರಿಸಿ ನೀರಿಗೆ ಬಿಡ್ತಾರೆ. ಆಮೇಲೆ ಮೆಟ್ಟಿಲ ಮೇಲೆ ಮಂಡಿ ಊರಿಸಿ, ತಲೆ ಮೇಲೆ ಒಂದು ಬಿಂದಿಗೆ ನೀರು ಸುರಿದು ಹೊಸದು ಹಾಕ್ತಾರೆ. ಇವರು ಅಂಗಿ ಬಿಚ್ಚಿ ಮಂಡಿ ಊರಿದ್ರು. ಪೂಜಾರಿ ತೆಲುಗಲ್ಲಿ ಕೇಳಿದ, ಮತ್ತೆ ಯಾವಾಗ ಕುಡಿದೆ ಅಂತ. ಎರಡು ವರ್ಷದಿಂದ ಒಂದು ಹನಿ ಕುಡಿಯದ ಮನುಷ್ಯ ಆ ಮೆಟ್ಟಿಲ ಮೇಲೆ ಏನು ಹೇಳ್ತಾರೆ ಅಂತ ನಾನು ಕಾಯ್ತಾ ನಿಂತಿದ್ದೆ.

"ಬುಧವಾರ," ಅಂದ್ರು.

ನೀರು ಸುರಿದ್ರು. ಯಾರೋ ನಕ್ಕರು. ಪೂಜಾರಿ ನನ್ನ ಕಡೆ ತಿರುಗಿ, "ನೀನು ನಿನ್ನ ಮಾತು ಉಳಿಸ್ಕೊಂಡಿದ್ದೀಯಮ್ಮಾ, ಇವನನ್ನ ನೋಡ್ಕೋ," ಅಂದು ಕರ್ಪೂರ ಮುಂದೆ ಹಿಡಿದ. ಕೈ ಚಾಚಿದೆ. ಚಾಚಿದೆನಲ್ಲ! ಆ ಕೈ ಸುಟ್ಟು ಹೋಗಬಾರದಿತ್ತಾ?

ಊರಿಗೆ ಬಂದು ಟೆಂಪೋ ಇಳಿದ ಮೇಲೆ ತಡಕೊಳ್ಳೋಕೆ ಆಗಲಿಲ್ಲ. ಜಗಲಿ ಮೇಲೆ ಎಲ್ಲರೂ ನೀರು ಕುಡೀತಾ ಕೂತಿದ್ರು. "ಅತ್ತೆ, ಆ ಬಾಟ್ಲು ಅವರದ್ದಲ್ಲ, ನಂದು. ನಾನೇ ತಂದಿದ್ದು, ನಾನೇ ಕುಡಿದಿದ್ದು," ಅಂದೆ. ಗಟ್ಟಿಯಾಗಿಯೇ ಅಂದೆ.

ಅತ್ತೆ ಓ ಅಂತ ಅಳ್ತಾ ಬಂದು ನನ್ನ ತಬ್ಕೊಂಡ್ರು. "ನೋಡ್ರವ್ವ, ಗಂಡನ ಮಾನ ಉಳ್ಸಾಕೆ ತನ್ ಮ್ಯಾಕೆ ಹಾಕ್ಕೊಂತವ್ಳೆ! ಎಂಥ ಹೆಣ್ಮಗಳ ಕಟ್ಕೊಂಡವ್ನೆ ಆ ಪಾಪಿ!"

"ಇಂಥ ಸೊಸೆ ಯಾರ್ಗೆ ಸಿಗ್ತಾಳೆ ನರಸಮ್ಮಕ್ಕ," ಅಂತ ಪಾಪಮ್ಮನೂ ಕಣ್ಣು ಒರೆಸ್ಕೊಂಡಳು. ನಿಜ ಅತ್ತೆ, ದೇವರಾಣೆ ಅಂದೆ. ಎಷ್ಟು ಹೇಳಿದ್ರೆ ಅಷ್ಟೂ ಅತ್ತರು. ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು ನನ್ನ ಹಣೆಗೆ ಹಚ್ಚಿದ್ರು. ಬೀದಿಯೋರೆಲ್ಲಾ ನೋಡ್ತಿದ್ರು. ಇವರು ಇನ್ನೂ ಪೂರ್ತಿ ಒಣಗದ ಪಂಚೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ರು.

ಮೇ 12, ಸೋಮವಾರ

ಲೈನ್ ಲೀಡರ್ ವಿಷಯ ಮುಂದಿನ ತಿಂಗಳು ನೋಡೋಣ ಅಂದಿದ್ದಾರಂತೆ ಕಂಪನೀಲಿ. ಸುದ್ದಿ ಹೋಗಿದೆ. ಇವರು ಹೇಳಿದ್ದು ಇಷ್ಟೇ, ಹಿತ್ತಲಲ್ಲಿ ಬೈಕ್ ಒರೆಸ್ತಾ.

"ಯಾಕ್ರೀ ನಂದೇ ಅಂದ್ರಿ?" ಅಂತ ಕೇಳಿದೆ.

"ನಂದಲ್ಲ ಅಂದಿದ್ರೆ ಅಮ್ಮ ನಂಬ್ತಿದ್ಳಾ?" ಅಂದು ನಕ್ಕರು. "ನಾನು ಕುಡ್ದಿಲ್ಲ ಅಂದ್ರೂ ನಂಬಲ್ಲ, ನೀನು ಕುಡ್ದೆ ಅಂದ್ರೂ ನಂಬಲ್ಲ. ಬುಡತ್ಲಾಗೆ."

"ನಿಮಗೆ ಯಾವಾಗಿಂದ ಗೊತ್ತು?"

"ಹಿತ್ಲಿಂದ ಬಂದು ಬಚ್ಚಲಿಗೆ ನುಗ್ಗಿದ ದಿನದಿಂದ. ನಾನು ಆಡಿರೋ ಆಟಾನೇ ಅಲ್ವೇನೆ ಅವೆಲ್ಲ? ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ."

ನಗು ನಿಂತಿತು. ಬಟ್ಟೆ ಹಿಂಡ್ತಾ, ನನ್ನ ಮುಖ ನೋಡದೆ ಕೇಳಿದ್ರು: "ಅಮ್ಮಂಗೆ ಗೊತ್ತಿರ್ಲಿಲ್ಲ, ಸರಿ. ಬಾಟ್ಲು ಯಾರ್ದು ಅಂತ ನಿಂಗೆ ಗೊತ್ತಿತ್ತಲ್ಲ. ಮಾರ್ನೆ ದಿನ ಬೆಳಿಗ್ಗೆ ನನ್ ಅಂಗಿ ಯಾಕೆ ಮೂಸ್ದೆ?"

ಅದನ್ನ ನಾನು ಇಲ್ಲಿ ಬರೆದಿಲ್ಲ. ನನಗೆ ನಾನೇ ಬರೆದುಕೊಳ್ಳೋ ಪುಸ್ತಕದಲ್ಲೂ ಬರೆಯದೆ ಬಿಟ್ಟೆ. ನಂದೇ ಅಂತ ಇವರು ಅಷ್ಟು ಸಲೀಸಾಗಿ ಅಂದಾಗ, ಒಂದು ವೇಳೆ ಇವರೂ ಕುಡೀತಿರಬಹುದಾ ಅಂತ ಹೊಳೆದು ಬಿಡ್ತು. ಬೆಳಿಗ್ಗೆ ಇವರು ಮಲಗಿದ್ದಾಗ ಮೊಳೆಗೆ ಹಾಕಿದ್ದ ಅಂಗಿ ತೆಗೆದು ಕಾಲರು, ಜೇಬು, ಕಂಕುಳು ಎಲ್ಲಾ ಮೂಸಿದೆ. ಮೆಷಿನ್ ಎಣ್ಣೆ ವಾಸನೆ ಬಿಟ್ಟು ಏನೂ ಇರಲಿಲ್ಲ. ನಿಜ ಹೇಳ್ತೀನಿ, ಏನಾದ್ರೂ ಸಿಕ್ಕಿದ್ರೆ ಚೆನ್ನಾಗಿತ್ತು ಅಂತ ಅನ್ನಿಸಿತ್ತು. ಸಿಕ್ಕಿದ್ರೆ ಇಬ್ಬರದ್ದೂ ತಪ್ಪಾಗ್ತಿತ್ತು. ಇವರು ಕಣ್ಣು ಮುಚ್ಕೊಂಡು ಎಚ್ಚರವಾಗಿಯೇ ಇದ್ರು ಅಂತ ನನಗೇನು ಗೊತ್ತು.

ಇವರು ಬಟ್ಟೆ ತಂತಿ ಮೇಲೆ ಹರವಿ ಒಳಗೆ ಹೋದ್ರು.

ಮೇ 14, ಬುಧವಾರ

ಬಾಯಲ್ಲಿ ಹೇಳಿದ್ರೆ ಅತ್ತೆ ನಂಬಲ್ಲ. ಅದಕ್ಕೆ ಕರ್ಕೊಂಡೇ ಹೋದೆ. ಎಲ್ಲಿಗೆ, ಯಾಕೆ ಅಂತ ಕೇಳ್ತಾನೇ ಬಸ್ ಹತ್ತಿದ್ರು. ಕೌಂಟರ್ ಪಕ್ಕ ಒಂದು ಸ್ಟೂಲ್ ಹಾಕಿ ಕೂರಿಸಿದೆ.

ಸಾಲು ಬಾಟ್ಲು ನೋಡಿ ಮೊದಲು ಇದು ನನ್ನ ಜಾಗ ಅಂತ ಅವರಿಗೆ ಹೊಳೀಲೇ ಇಲ್ಲ. ಯಾರೋ ಗಂಡಹೆಂಡತಿ ಬಂದು ಎರಡು ನನ್ನಾರಿ ಕೇಳಿದ್ರು. ಐಸು ಹಾಕಿದೆ, ವೈನ್ ಬಾಟ್ಲು ಬಗ್ಗಿಸಿದೆ, ಶರಬತ್ತು, ನಿಂಬೆ, ಸೋಡಾ. ಎಡಗೈಲಿ ಪುದೀನ ತಟ್ಟಿ ಮೇಲೆ ಇಟ್ಟೆ. ಕೈ ತಾನಾಗೇ ಓಡ್ತಿತ್ತು. ಅತ್ತೆ ಆ ಕೈಗಳನ್ನೇ ನೋಡ್ತಿದ್ರು. ನರೇಶ್ ಬೇರೆ ಬಂದು, "ಅಜ್ಜಿ, ಎಲ್ಲಾ ನಿಮ್ಮ ಸೊಸೆ ಕೈಗುಣ," ಅಂದ. ನಾನು ಒಂದು ಗುಟುಕು ಗ್ಲಾಸಿಗೆ ಬಗ್ಗಿಸಿ ಅವರ ಮುಂದೆಯೇ ಕುಡಿದು, ಹತ್ತಿರ ಹೋಗಿ ನಿಂತೆ.

ಮೂಸಲಿಲ್ಲ. ಅವರ ಮುಖ ಬೂದಿ ಆಗಿತ್ತು.

"ಇದುಕ್ಕಾ," ಅಂದ್ರು, ತುಂಬಾ ಮೆತ್ತಗೆ. "ಇದುಕ್ಕಾ ನನ್ ಮಗನ ಕತ್ತು ಬಗ್ಸಿದ್ದು?"

ಹೂಂ ಅಂದೆ.

ವಾಪಸ್ ಬರುವಾಗ ಬಸ್ಸಲ್ಲಿ ಅತ್ತೆ ಬೇರೆ ಸೀಟಲ್ಲಿ ಕೂತರು. ಮನೆಗೆ ಬಂದಾಗ ಇವರು ಶಿಫ್ಟ್ ಮುಗಿಸಿ ಬಂದು ಮುದ್ದೆ ಉಣ್ತಿದ್ರು. ಅತ್ತೆ ಎದುರಿಗೆ ನೆಲದ ಮೇಲೆ ಕೂತು ಆ ಹೊಸ ಮಾಲೆಯನ್ನೇ ನೋಡಿದ್ರು. "ತಪ್ಪಾಯ್ತು ಕಣ್ಲಾ ಮುನೀಶ," ಅಂದ್ರು.

ಇವರು ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿಟ್ಟು ಎದ್ದು ಹಿತ್ತಲಿಗೆ ಹೋದ್ರು. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳ್ತಿತ್ತು, ಅದರ ಒಳಗೆ ಇವರು ಅಳೋದೂ ಕೇಳ್ತಿತ್ತು. ಅತ್ತೆ ತಟ್ಟೆ ಮುಂದೆಯೇ ಕೂತಿದ್ರು.

ಅತ್ತೆ ತಪ್ಪಾಯ್ತು ಅಂತ ಹೇಳಿದ್ರು. ನಾನಿನ್ನೂ ಹೇಳಿಲ್ಲ.